ಚುರುಕು ಕೈ ಕೂಕೋ ಬೊಂಬೆ ಮೀನು ಎಸೆದದ್ದು

ನನ್ನ ಎಡಗಿವಿಯ ಮೇಲಂಚಿನಲ್ಲಿ ಒಂದು ಕಚ್ಚು ಇದೆ. ನನ್ನ ಮದುವೆಯ ದಿನ ಬೆಳಿಗ್ಗೆ ಆದದ್ದು. ಮದುವೆ ಫೋಟೋದಲ್ಲೆಲ್ಲ ನನ್ನ ಕಿವಿಗೆ ಬಿಳೀ ಪಟ್ಟಿ, ಹೆಂಡತಿಯ ಮುಖದಲ್ಲಿ ಸಿಟ್ಟು. ಈ ಉಪಕಾರ ಮಾಡಿದವನು ರೆಫೂಹಿಯೊ ಬಾಲ್ದೊವಿನೊಸ್. ಊರೆಲ್ಲ ಅವನನ್ನು ಕರೆಯುವುದು ಕೂಕೋ ಅಂತ. ನೀನು ತಲೆ ಅಲ್ಲಾಡಿಸಿದೆ ಅಂತ ಅವನು, ನಿನ್ನ ಕೈ ನಡುಗಿತು ಅಂತ ನಾನು. ನಮ್ಮ ಮಕ್ಕಳಿಗೆ ಮಕ್ಕಳಾದವು, ಈ ವ್ಯಾಜ್ಯ ಮಾತ್ರ ತೀರಲಿಲ್ಲ.

ಕೂಕೋ ಕಟಿಂಗ್ ಶಾಪ್ ಇಟ್ಟವನು. ನಿಂಬೆ ತೋಟಗಳ ರಸ್ತೆ ಮುಗಿದು ಪೇಟೆ ಶುರುವಾಗುತ್ತದಲ್ಲ, ಅಲ್ಲೇ ಬೇಕರಿ ಪಕ್ಕ. ಅವನ ಕೈಯ ಚುರುಕಿನ ಬಗ್ಗೆ ನಾನು ಹೇಳಿ ಮುಗಿಯುವುದಿಲ್ಲ. ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಸ್ವಲ್ಪ ಸಣ್ಣ ಮಾಡು, ಮೇಲೆ ಹಾಗೇ ಇರಲಿ ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಲಿನದ್ದು ನೆಲಕ್ಕೆ ಬಿದ್ದಿರುತ್ತಿತ್ತು. ಎಲ್ಲದರಲ್ಲೂ ಹಾಗೇ. ಬಿಸಿ ಕಾಫಿ ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುವವನು. ಸಿಗ್ನಲ್ ಹಸಿರಾಗುವ ಮೊದಲೇ ಎದುರಿನ ಗಾಡಿಗೆ ಹಾರ್ನ್ ಹೊಡೆಯುವವನು. ಚರ್ಚಿನಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸುವ ಮೊದಲೇ ಆಮೆನ್ ಅನ್ನುವವನು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆದರೆ ಇವನಿಗೆ ಬುದ್ಧಿಯೂ ಚುರುಕೇ, ಅದೇ ತಾಪತ್ರಯ.

ಅವನ ಮಗಳು ಅರಾಸೆಲಿಗೆ ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡವನು ನಾನು. ಅವತ್ತಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಅಂದರೆ ಒಂದೇ ಮಗುವಿಗೆ ಜೊತೆ ಅಪ್ಪಂದಿರು. ಅಣ್ಣತಮ್ಮಂದಿರು ಆಸ್ತಿ ಅಂತ ಕಿತ್ತಾಡಬಹುದು, ಗಂಡಹೆಂಡಿರು ಬೇರೆಯಾಗಬಹುದು, ಕೊಂಪಾದ್ರೆಯನ್ನು ಮಾತ್ರ ಬಿಡುವ ಹಾಗಿಲ್ಲ. ಬಿಡಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಶನಿವಾರ ಬಂತೆಂದರೆ ನಾವಿಬ್ಬರೂ ಸೆಕೋ ಕೆರೆಗೆ. ಸೆಕೋ ಅಂದರೆ ನಮ್ಮ ಮಾತಿನಲ್ಲಿ ಒಣಗಿದ್ದು ಅಂತ. ಅಣೆಕಟ್ಟು ಕಟ್ಟುವ ಮೊದಲು ಅದು ಒಣ ಕಣಿವೆಯಾಗಿತ್ತಂತೆ, ಹೆಸರು ಬದಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ದೋಣಿ ಕೂಕೋನದು. ಮುಂದಿನ ಕುರ್ಚಿ ಅವನದು, ಹಿಂದಿನದು ನನ್ನದು. ದೋಣಿ ಮೀನುಗಾರಿಕೆ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಮುಂದೆ ಕೂತವನು ಮೋಟಾರ್ ನಡೆಸುತ್ತಾನೆ, ಒಳ್ಳೆಯ ಜಾಗ ಕಂಡಲ್ಲೆಲ್ಲ ಮೊದಲು ಗಾಳ ಎಸೆಯುತ್ತಾನೆ. ಹಿಂದೆ ಕೂತವನಿಗೆ ಅವನು ಕಲಕಿಬಿಟ್ಟ ನೀರು. ಜೀವಮಾನವೆಲ್ಲ ನಾನು ಎಂಜಲು ನೀರಿನಲ್ಲೇ ಗಾಳ ಹಾಕಿದವನು. ಗಾರೆ ಕೆಲಸದವನು ನಾನು, ಗೋಡೆ ಒಣಗುವವರೆಗೆ ಕಾಯುವುದು ಅಭ್ಯಾಸ, ಸಹಿಸಿಕೊಂಡೆ.

ನಾವು ಹಿಡಿಯುತ್ತಿದ್ದದ್ದು ಬ್ಯಾಸ್ ಮೀನು. ತಿನ್ನುವುದಕ್ಕಲ್ಲ, ಹಿಡಿದು ಬಿಡುವುದಕ್ಕೆ. ರಬ್ಬರ್ ಹುಳವನ್ನು ಗಾಳಕ್ಕೆ ಚುಚ್ಚಿ ಕೆರೆಯ ತಳದಲ್ಲಿ ಮೆಲ್ಲಗೆ ತೆವಳಿಸಬೇಕು. ಬ್ಯಾಸ್ ಬಂದು ಅದನ್ನು ಬಾಯಿಗೆ ಎಳೆದುಕೊಂಡಾಗ ದಾರದಲ್ಲಿ ಟಕ್ ಅಂತ ಒಂದೇ ಒಂದು ಸಣ್ಣ ಮಿಡಿತ ಬರುತ್ತದೆ. ಆ ಗಳಿಗೆಯಲ್ಲಿ ಕೋಲು ಜಗ್ಗಿದರೆ ಮೀನು ನಿಮ್ಮದು, ಉಸಿರೆಳೆಯುವಷ್ಟು ತಡವಾದರೆ ಅದು ಹುಳ ಉಗಿದು ಹೋಗಿರುತ್ತದೆ. ಇದರಲ್ಲಿ ಕೂಕೋನನ್ನು ಮೀರಿಸುವವರು ಆ ಕೆರೆಯಲ್ಲಿ ಇರಲಿಲ್ಲ. ಮೀನು ಯೋಚನೆ ಮಾಡುವಾಗಲೇ ಇವನಿಗೆ ಗೊತ್ತಾಗುತ್ತೆ ಅಂತ ಜನ ಹೇಳುತ್ತಿದ್ದರು. ಅವನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಆಮೇಲೆ ಆ ಕೈ ಜೋಮು ಹಿಡಿಯಿತು.

ಮೊದಮೊದಲು ಬೆಳಿಗ್ಗೆ ಏಳುವಾಗ ಬೆರಳು ಮರಗಟ್ಟಿರುತ್ತೆ ಅನ್ನುತ್ತಿದ್ದ. ಆಮೇಲೆ ಅಂಗಿ ಗುಂಡಿ ಹಾಕಿಕೊಳ್ಳಲು ಕೊಮಾದ್ರೆಯ, ಅಂದರೆ ಅವನ ಹೆಂಡತಿ ಕೊನ್ಸುಯೆಲೊಳ, ಸಹಾಯ ಬೇಕಾಯಿತು. ಒಂದು ದಿನ ಗಿರಾಕಿಯ ಕುತ್ತಿಗೆಯ ಮೇಲೆ ಕತ್ತರಿ ಕೈತಪ್ಪಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಕೂಕೋ ಗೋಡೆಗೆ ಒರಗಿ ನಿಂತುಬಿಟ್ಟನಂತೆ. ಜೀವಮಾನವೆಲ್ಲ ಕತ್ತರಿ ಆಡಿಸಿ ಮಣಿಕಟ್ಟಿನ ನರ ಸೋತಿದೆ ಅಂದರು ಡಾಕ್ಟರು. ಆಪರೇಷನ್ ಮಾಡಿದರು. ನೋವು ಹೋಯಿತು, ಸ್ಪರ್ಶ ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು ಅಂದರಂತೆ. ಅದನ್ನು ನಾನೂ ಹೇಳಬಲ್ಲೆ, ಅದಕ್ಕೆ ಅಷ್ಟು ಓದಬೇಕಾ?

ಅಂಗಡಿಯ ಕುರ್ಚಿ ಅರಾಸೆಲಿಯ ಪಾಲಿಗೆ ಬಂತು. ಕೂಕೋ ಪೊರಕೆ ಹಿಡಿದು ಕೂದಲು ಗುಡಿಸುತ್ತ, ಬಂದವರಿಗೆಲ್ಲ ಅವಳು ಹೇಗೆ ಕತ್ತರಿಸಬೇಕಿತ್ತು ಅಂತ ಹೇಳುತ್ತ ಅವಳ ಪ್ರಾಣ ತಿಂದ. ಅದನ್ನಾದರೂ ಅವನು ತಡೆದುಕೊಂಡ. ತಡೆದುಕೊಳ್ಳಲಾಗದ್ದು ಕೆರೆ. ದಾರ ಹಿಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮೀನು ಬಂದು, ಹುಳ ನೆಕ್ಕಿ, ಸಂಸಾರ ಮಾಡಿಕೊಂಡು ಹೋದರೂ ಅವನಿಗೆ ತಿಳಿಯದು. ಹಿಂದಿನ ಕುರ್ಚಿಯಿಂದ ನಾನು ಹಿಡಿಯುತ್ತಿದ್ದೆ, ಅವನು ಕತ್ತು ತಿರುಗಿಸದೆ ಕೂತಿರುತ್ತಿದ್ದ. ಎಂಜಲು ನೀರಿನಲ್ಲಿ ಸಿಕ್ಕ ಆ ಮೀನುಗಳು ನನಗೆ ಒಂದಿಷ್ಟೂ ಖುಷಿ ಕೊಡಲಿಲ್ಲ.

ಫೆಬ್ರವರಿಯ ಒಂದು ಶನಿವಾರ ನನಗೆ ನಾಲ್ಕಾರು ಮೀನು ಸಿಕ್ಕವು, ಅವನಿಗೆ ಸೊನ್ನೆ. ಮನೆಗೆ ಬಂದವನೇ ಒಂದು ಹಲಗೆಗೆ ಬಣ್ಣ ಬಳಿದು, 'ದೋಣಿ ಮಾರಾಟಕ್ಕಿದೆ' ಅಂತ ಬರೆದು ಅಂಗಳದಲ್ಲಿ ದೋಣಿಗೆ ಆನಿಸಿದ. ಬಣ್ಣ ಒಣಗಲೂ ಬಿಡಲಿಲ್ಲ, ಅರ್ಧ ಅಕ್ಷರ ದೋಣಿಯ ಹೊಟ್ಟೆಗೇ ಅಂಟಿಕೊಂಡಿತು. ನಾನು ಬೈದೆ. ಕೈಲಾಗದವನ ಹತ್ತಿರ ದೋಣಿ ಯಾಕೆ ಅಂದ. ನಾನು ಕಾಲು ಝಾಡಿಸಿಕೊಂಡು ಮನೆಗೆ ಬಂದೆ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ದೋಣಿ ಹೋದರೆ ಶನಿವಾರ ಹೋಯಿತು. ಶನಿವಾರ ಹೋದರೆ ಕೂಕೋ ಆ ಅಂಗಡಿಯ ಮೂಲೆಯಲ್ಲಿ ಪೊರಕೆ ಹಿಡಿದುಕೊಂಡು ಕುಗ್ಗುತ್ತ ಹೋಗುತ್ತಾನೆ. ನಾನು ಬೇರೆ ಯಾರ ದೋಣಿಯ ಹಿಂದೆ ಕೂರಲಿ? ಬೇರೆಯವರ ಜೊತೆ ಜಗಳವಾಡುವುದು ನನಗೆ ಬರುವುದಿಲ್ಲ.

ಕೆರೆಯ ಬಾಗಿಲಲ್ಲಿ ವಿಲ್ಮಾ ಅಂತ ಒಬ್ಬ ಮುದುಕಿ ಇದ್ದಾಳೆ. ಗಾಳ, ಹುಳ, ಕಾಫಿ ಮಾರುವ ಅಂಗಡಿ ಅವಳದು. ನಾಲಿಗೆ ಗರಗಸದಂಥದ್ದು, ಮನಸ್ಸು ಬೆಣ್ಣೆ. ನಾನು ಅವಳ ಹತ್ತಿರ ಹೋಗಿ ಸಂಕಟ ತೋಡಿಕೊಂಡೆ. ಅವಳು ಎದ್ದು ಒಳಗಿನಿಂದ ಒಂದು ಮೀನು ತಂದು ಮೇಜಿನ ಮೇಲೆ ಹಾಕಿದಳು. ನಾನು ಸತ್ತ ಟ್ರೌಟ್ ಅಂದುಕೊಂಡೆ. ಮುಟ್ಟಿ ನೋಡಿದರೆ ರಬ್ಬರು. ಅಂಗೈಗಿಂತ ಉದ್ದ, ಬೆನ್ನು ಹಸಿರು, ಪಕ್ಕೆಯಲ್ಲಿ ಗುಲಾಬಿ ಗೆರೆ, ಹೊಟ್ಟೆಯಡಿ ಎರಡು ದೊಡ್ಡ ಕೊಕ್ಕೆ. ಸ್ವಿಮ್‌ಬೇಟ್ ಅಂತಾರೆ ಅಂದಳು. ನಮ್ಮ ಕಡೆಯವರು ಬೊಂಬೆ ಅನ್ನುವುದು ಇದಕ್ಕೇ. ಪೇಟೆ ಹುಡುಗರು ಎಸೆಯುವುದನ್ನು ನೋಡಿದ್ದೆ, ಶೋಕಿ ಅಂದುಕೊಂಡಿದ್ದೆ.

"ನಿನ್ನ ಕ್ಷೌರಿಕನಿಗೆ ಹೇಳು, ಇದಕ್ಕೆ ಬೆರಳು ಬೇಡ," ಅಂದಳು ವಿಲ್ಮಾ. "ಎಸೀಬೇಕು, ಮೆಲ್ಲಗೆ ಸುತ್ಕೊಂಡು ಬರ್ಬೇಕು. ಜಗ್ಗಬಾರ್ದು. ದೊಡ್ಡ ಮೀನು ಬಂದ್ರೆ ತಾನೇ ಕಚ್ಚಿ, ತಾನೇ ತಿರುಗಿ, ತಾನೇ ಸಿಕ್ಕಿಹಾಕ್ಕೊಳತ್ತೆ. ಅವನು ಮಾಡ್ಬೇಕಾದ್ದು ಒಂದೇ, ಏನೂ ಮಾಡ್ದೆ ಇರೋದು."

ಕೂಕೋನಿಗೆ ಏನೂ ಮಾಡದೆ ಇರಲು ಹೇಳುವುದೂ ಒಂದೇ, ಕೋತಿಗೆ ಕೈಕಟ್ಟಿ ಕೂರಲು ಹೇಳುವುದೂ ಒಂದೇ. ನಾನು ಹಾಗಂದೆ. ಆದರೆ ಅವಳು ಬಿಡಲಿಲ್ಲ. ಚಳಿಗಾಲದಲ್ಲಿ ಮೀನಿನ ಲಾರಿ ಬಂದು ಕೆರೆಗೆ ಟ್ರೌಟ್ ಸುರಿಯುತ್ತದೆ. ತೊಟ್ಟಿಯಲ್ಲಿ ಬೆಳೆದ ಆ ಪೆದ್ದ ಮೀನುಗಳು ದಿಕ್ಕು ಕಾಣದೆ ಮೇಲ್ಮೇಲೆ ಅಲೆಯುತ್ತವೆ, ಕೆರೆಯ ಅಜ್ಜಿ ಬ್ಯಾಸ್‌ಗಳಿಗೆ ಅದೇ ಹಬ್ಬದೂಟ. ಹುಳಕ್ಕೆ ಮೂಗೂ ಆಡಿಸದ ಮೀನು ಬೊಂಬೆಗೆ ಬರುತ್ತೆ, ಅಂದಳು. ಜೊತೆಗೆ ಪೊರಕೆ ಕೋಲಿನಷ್ಟು ಗಟ್ಟಿಯಾದ ಒಂದು ಗಾಳದ ಕೋಲನ್ನೂ ಕೊಟ್ಟಳು. ಇನ್ನೊಂದು ಮಾತು, ಬೊಂಬೆ ಎಸೆಯುವ ದಿನ ದೋಣಿಯಲ್ಲಿ ಬೇರೆ ಕೋಲು ಇರಕೂಡದು, ಇದ್ದರೆ ಮನಸ್ಸು ಅಲ್ಲಿಗೇ ಓಡುತ್ತೆ ಅಂತ ಬೆರಳೆತ್ತಿ ಹೇಳಿದಳು.

ಬೊಂಬೆಯನ್ನು ನೋಡಿ ಕೂಕೋ ನಕ್ಕ. ಇದನ್ನು ಹುರಿಯಬೇಕಾ, ಸಾರು ಮಾಡಬೇಕಾ ಅಂತ ಕೊಮಾದ್ರೆಯನ್ನು ಕೂಗಿ ಕೇಳಿದ. ಆದರೆ ಬೆರಳು ಬೇಡವಂತೆ ಅಂದಾಗ ನಗು ನಿಂತಿತು. ಬಾಲ ಹಿಡಿದು ಅತ್ತ ಇತ್ತ ಆಡಿಸಿ ನೋಡಿದ. ಲಾರಿ ಬರುವುದು ನಿಲ್ಲುವವರೆಗೆ ನೋಡುತ್ತೇನೆ, ಆಮೇಲೆ ನನ್ನನ್ನು ಸುಮ್ಮನೆ ಬಿಟ್ಟುಬಿಡಬೇಕು ಅಂದ. ಹಲಗೆಯನ್ನು ಮಾತ್ರ ತೆಗೆಯಲಿಲ್ಲ.

ಮೊದಲ ಶನಿವಾರ ಬೊಂಬೆ ಬಿದ್ದ ಸದ್ದಿಗೆ ದಡದ ಬಾತುಕೋಳಿಗಳೆಲ್ಲ ಎದ್ದು ಹೋದವು. ಯಾರೋ ಚಪ್ಪಲಿ ಎಸೆದ ಹಾಗೆ. ಕೂಕೋ ಅದನ್ನು ಸುತ್ತುವ ರಭಸ ನೋಡಿದರೆ ಟ್ರೌಟ್‌ಗೆ ಮನೆಯಲ್ಲಿ ಹಾಲು ಉಕ್ಕುತ್ತಿದೆ ಅನ್ನಬೇಕು. ಮೆಲ್ಲಗೆ, ಮೆಲ್ಲಗೆ ಅಂತ ನಾನು ಹಿಂದಿನಿಂದ ಜಪ ಮಾಡಿದೆ. ಇನ್ನೂ ಹೊತ್ತೇರಿರಲಿಲ್ಲ, ಅವನು ಲೈಫ್ ಜಾಕೆಟ್ ರಾಶಿಯ ಅಡಿಯಲ್ಲಿ ಕೈಹಾಕಿದ. ನೋಡುತ್ತೇನೆ, ಹುಳದ ಕೋಲು! ಕದ್ದು ತಂದಿದ್ದ. ಅವತ್ತು ನಾವು ಆಡಿದ ಮಾತು ಬರೆಯುವಂಥದ್ದಲ್ಲ. ಮುಂದಿನ ವಾರದಿಂದ ದೋಣಿ ಇಳಿಸುವ ಮೊದಲು ನಾನು ಪೊಲೀಸರ ಹಾಗೆ ತಪಾಸಣೆ ಮಾಡಿದೆ.

ಬರಬರುತ್ತ ಅವನಿಗೆ ಸುತ್ತುವುದು ಬಂತು. ಮೆಲ್ಲಗೆ ಸುತ್ತಿದರೆ ಬೊಂಬೆ ಜೀವ ಬಂದಂತೆ ಬಾಲ ಬಡಿಯುತ್ತ ಬರುತ್ತದೆ, ನೋಡುವವರಿಗೇ ಬಾಯಿ ಹಾಕೋಣ ಅನ್ನಿಸುತ್ತದೆ. ತಾಪತ್ರಯ ಈಗ ಬೇರೆಯದು. ಕೈಗೆ ತಿಳಿಯದ್ದನ್ನು ಕಣ್ಣಿನಿಂದ ಹಿಡಿಯಲು ಹೊರಟ. ದಾರವನ್ನು ಗಿಡುಗನ ಹಾಗೆ ದಿಟ್ಟಿಸುತ್ತಿದ್ದ. ಅದು ಕೊಂಚ ಕೊಂಕಿದರೂ, ಹುಲ್ಲೆಳೆ ತಾಗಿದರೂ, ಕೋಲು ಜಗ್ಗುತ್ತಿದ್ದ. ಹುಳ ಹಾಕಿ ಬೆಳೆದವರ ರೋಗವೇ ಅದು. ಹುಳಕ್ಕೆ ಜಗ್ಗದಿದ್ದರೆ ಮೀನಿಲ್ಲ, ಬೊಂಬೆಗೆ ಜಗ್ಗಿದರೆ ಮೀನಿಲ್ಲ. ಜೀವಮಾನದ ವಿದ್ಯೆಯನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ.

ಈಸ್ಟರ್ ಹಿಂದಿನ ಶನಿವಾರ ಅದು ಬಂತು. ನೀರಿಗೆ ಚಾಚಿದ ಬಂಡೆಯ ಮೂಗಿನ ಹತ್ತಿರ, ತಿಳಿ ನೀರಿನಲ್ಲಿ, ಬೊಂಬೆ ದೋಣಿಗೆ ಹತ್ತಿರ ಬರುತ್ತಿತ್ತು. ಅದರ ಹಿಂದೆ ಒಂದು ನೆರಳು. ನಾನು ಮೊದಲು ಮುಳುಗಿದ ಮರದ ದಿಮ್ಮಿ ಅಂದುಕೊಂಡೆ. ದಿಮ್ಮಿಗೆ ಕಣ್ಣಿತ್ತು. ಅದು ಯಾವ ಅವಸರವೂ ಇಲ್ಲದೆ ಮುಂದೆ ಬಂದು ಬಾಯಿ ತೆರೆಯಿತು. ಒಳಗೆಲ್ಲ ಬೆಳ್ಳಗೆ, ಬಕೆಟ್ಟಿನಷ್ಟು ಅಗಲ. ಮುಚ್ಚುವುದಕ್ಕೆ ಮೊದಲೇ ಕೂಕೋ ಜಗ್ಗಿದ. ಬೊಂಬೆ ನೀರಿನಿಂದ ಹಾರಿ ಬಂದು ನನ್ನ ಟೋಪಿಯನ್ನು ಹೊತ್ತುಕೊಂಡು ಹಿಂದೆ ಬಿತ್ತು. ಬ್ಯಾಸ್ ಬಾಯಿ ಮುಚ್ಚಿಕೊಂಡು, ಮನೆಗೆ ಕರೆದು ಊಟ ಹಾಕದವರನ್ನು ನೋಡುವ ಹಾಗೆ ನಮ್ಮನ್ನು ನೋಡಿ, ಕೆಳಗಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಆ ಮೀನಿಗೂ ಹಾಗೇ, ನಮಗೂ ಹಾಗೇ.

ನಾನು ಟೋಪಿ ಹಿಂಡುತ್ತ ನಕ್ಕೆ. ಅವನು ನಗಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದ. ಇದು ನನ್ನ ಮಾತು ಕೇಳ್ತಾ ಇಲ್ಲ ಅಂದ, ಅಷ್ಟೇ. ಆ ವಾರ ಬೇಕರ್ಸ್‌ಫೀಲ್ಡಿನಿಂದ ಯಾರೋ ಫೋನ್ ಮಾಡಿದರಂತೆ. ಮುಂದಿನ ಭಾನುವಾರ ದೋಣಿ ನೋಡಲು ಬರುತ್ತಾರಂತೆ. ಇವನು ಬನ್ನಿ ಅಂದುಬಿಟ್ಟ. ಮೀನಿನ ಲಾರಿಯೂ ಆ ವಾರವೇ ಕೊನೆ. ಇನ್ನು ಉಳಿದದ್ದು ಒಂದು ಶನಿವಾರ.

ಶುಕ್ರವಾರ ಸಂಜೆ ನಾನು ಅವನ ಮನೆಯಲ್ಲಿ ಬೀನ್ಸ್ ಕಾಳು, ತೊರ್ತಿಯಾ ರೊಟ್ಟಿ ತಿನ್ನುತ್ತ ಕೂತಿದ್ದೆ. ಕೂಕೋ ಹಿತ್ತಿಲಲ್ಲಿ ದೋಣಿ ತೊಳೆಯುತ್ತಿದ್ದ, ಬರುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ. ಅದನ್ನು ನೋಡಲಾಗದೆ ನಾನು ತಟ್ಟೆ ನೋಡುತ್ತಿದ್ದೆ. ಕೊಮಾದ್ರೆ ಹೆಚ್ಚು ಮಾತಿನವರಲ್ಲ, ಮನೆಯಲ್ಲಿ ಮಾತಾಡಲು ಅವರಿಗೆ ಜಾಗವೇ ಸಿಕ್ಕಿಲ್ಲ. ಅವತ್ತು ನನ್ನ ಎದುರು ಬಂದು ಕೂತರು.

"ಕೊಂಪಾದ್ರೆ, ದೋಣೀಲಿ ಅವರು ಮಾತಾಡ್ತಾರಾ?" ಅಂತ ಕೇಳಿದರು.

ಬೊಂಬೆ ಶುರುವಾದ ಮೇಲೆ ಇಲ್ಲ, ಮುನಿಯ ಹಾಗೆ ದಾರ ನೋಡ್ತಾ ಇರ್ತಾನೆ ಅಂದೆ.

"ಅದೇ ಮತ್ತೆ. ಅಂಗಡೀಲಿ ಅವರು ಯಾವತ್ತು ಕೂದ್ಲು ನೋಡ್ಕೊಂಡು ಕತ್ತರಿಸಿದಾರೆ ಹೇಳಿ? ಕಣ್ಣು ರಸ್ತೆ ಮೇಲೆ, ಬಾಯಿ ಊರ ಮೇಲೆ. ಕೈ ಅದರಷ್ಟಕ್ಕೆ ಕೆಲಸ ಮಾಡ್ಕೊಂಡು ಹೋಗ್ತಿತ್ತು. ಬಾಯಿ ಮುಚ್ಚಿ ಕೆಲಸ ಮಾಡಿದ್ದು ಒಂದೇ ದಿನ, ನಿಮ್ಮ ಮದುವೆ ದಿನ. ಆಪ್ತ ಗೆಳೆಯನ ಮದುವೆ, ಚೆನ್ನಾಗಿ ಆಗ್ಬೇಕು ಅಂತ ಉಸಿರು ಬಿಗಿ ಹಿಡ್ಕೊಂಡು ಕತ್ತರಿಸಿದ್ರು. ಏನಾಯ್ತು ನಿಮ್ಮ ಕಿವೀಲೇ ಇದೆಯಲ್ಲ."

ನಾನು ಕಿವಿ ಮುಟ್ಟಿಕೊಂಡೆ. ಇಷ್ಟು ವರ್ಷ ಆ ಮನೆಯ ಊಟ ಮಾಡಿದ್ದೇನೆ, ಈ ಮಾತು ನನಗೆ ಹೊಳೆದಿರಲಿಲ್ಲ. ತಾಳಿದವನು ಬಾಳಿಯಾನು ಅಂತ ಅವನಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. ತಾಳ್ಮೆ ಅವನ ಜಾಯಮಾನವಲ್ಲ. ಅವನಿಗೆ ಬೇಕಾದದ್ದು ಜಗಳ.

ಶನಿವಾರ ಬೆಳಿಗ್ಗೆ ಗೇಟಿನಲ್ಲಿ ದೋಣಿಗಾಡಿಗಳ ಸಾಲು. ಬೇರೆ ಕೆರೆಯ ಚಿಪ್ಪುಹುಳ ಅಂಟಿಕೊಂಡು ಬರದಿರಲಿ ಅಂತ ಕಾವಲಿನವರು ದೋಣಿಗಳ ಅಡಿ ತಡವಿ, ಒಣಗಿದೆ ಅಂತ ಖಾತ್ರಿ ಮಾಡಿಕೊಂಡು ಒಳಗೆ ಬಿಟ್ಟರು. ಕೂಕೋ ಗುಡ್ ಮಾರ್ನಿಂಗ್ ಕೂಡ ಅನ್ನಲಿಲ್ಲ. ಅಣೆಕಟ್ಟಿನ ಕಡೆಯಿಂದ ಗಾಳಿ ಎದ್ದಿತ್ತು, ನೀರಿನ ಮೇಲೆ ಸಣ್ಣ ಅಲೆ. ಹಿಂದಿನ ದಿನ ಸುರಿದ ಟ್ರೌಟ್‌ಗಳು ಅಲ್ಲಲ್ಲಿ ಪುಳಕ್ ಅನ್ನುತ್ತಿದ್ದವು. ಅದೇ ಬಂಡೆಯ ಮೂಗಿಗೆ ಹೋದೆವು. ಅವನು ಎಸೆದ, ಸುತ್ತಿದ, ದಾರ ದಿಟ್ಟಿಸಿದ, ಹುಲ್ಲಿಗೆ ಜಗ್ಗಿದ. ಹೀಗೇ ಬಿಸಿಲು ಬಂತು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, ಯಾವ ಲೋಕಾಭಿರಾಮವೂ ಇಲ್ಲದೆ ಜಗಳಕ್ಕೆ ಬೆಂಕಿ ಹಚ್ಚಿದೆ.

"ಏನೇ ಹೇಳು ಕೊಂಪಾದ್ರೆ, ನಿನ್ನ ಕೈ ಈಗ ಕೆಟ್ಟಿದ್ದಲ್ಲ. ನನ್ನ ಮದುವೆ ದಿನವೇ ಕೆಟ್ಟಿತ್ತು."

ಬೊಂಬೆ ಆಗಷ್ಟೇ ದೂರದಲ್ಲಿ ಬಿದ್ದಿತ್ತು. ಕೂಕೋನ ಬೆನ್ನು ನೆಟ್ಟಗಾಯಿತು. ಏನಂದೆ ಅಂದ. ಅಂದದ್ದನ್ನೇ ಇನ್ನೊಮ್ಮೆ ಅಂದೆ, ಜೊತೆಗೆ ಸಂತೆ ಕುರಿಗೂ ಅದಕ್ಕಿಂತ ಚೆನ್ನಾಗಿ ಉಣ್ಣೆ ಕತ್ತರಿಸುತ್ತಾರೆ ಅಂತ ಸೇರಿಸಿದೆ. ಅವನು ಕುರ್ಚಿಯಲ್ಲೇ ಗರಗರ ತಿರುಗಿ ನನ್ನ ಕಡೆ ಮುಖ ಮಾಡಿದ. ಕೋಲು ಕಂಕುಳಲ್ಲಿ, ಬಾಯಿ ಪೂರ್ತಿ ತೆರೆದಿತ್ತು, ಕೈ ಅದರಷ್ಟಕ್ಕೆ ರೀಲು ಸುತ್ತುತ್ತಿತ್ತು. ನಿನ್ನ ತಲೆ ಅಲುಗಿತು ಅಂದ. ಹೆಣ್ಣಿನ ಕಡೆಯವರ ಕಾರು ಬಂದ ಸದ್ದಿಗೆ ನೀನು ಬಾಗಿಲ ಕಡೆ ತಿರುಗಿದೆ ಅಂದ. ಆ ಕಾರಿನ ಬಣ್ಣ ಹೇಳಿದ, ಅದರ ಒಡೆದ ದೀಪ ಹೇಳಿದ, ಅದರಿಂದ ಇಳಿದ ನನ್ನ ಮಾವನ ಬೋಳುತಲೆಯವರೆಗೆ ಹೋದ. ಕೈ ಮೆಲ್ಲಗೆ, ಒಂದೇ ಹದದಲ್ಲಿ ಸುತ್ತುತ್ತಲೇ ಇತ್ತು. ಇಷ್ಟು ವಾರದಲ್ಲಿ ಒಮ್ಮೆಯೂ ಅದು ಹಾಗೆ ಸುತ್ತಿರಲಿಲ್ಲ.

ಆಗ ನಾನು ಕೋಲಿನ ತುದಿ ನೋಡಿದೆ. ಅದು ಬಗ್ಗಿತು. ಹುಲ್ಲಿಗೆ ಬಗ್ಗುವ ಹಾಗಲ್ಲ.

ಕೂಗಲು ಬಾಯಿ ತೆರೆದೆ. ಕೂಗಿದರೆ ಜಗ್ಗುತ್ತಾನೆ, ಜಗ್ಗಿದರೆ ಹೋಯಿತು. ಅಯ್ಯೋ ದೇವರೇ, ನನ್ನ ಬಾಳಿನಲ್ಲಿ ಬಾಯಿ ಹಿಡಿದುಕೊಳ್ಳುವುದು ಅಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಬಿಸಿ ಕಾಫಿ ತೊಡೆಗೆ ಚೆಲ್ಲಿತು, ಅಲುಗಲಿಲ್ಲ.

"ಕಾರು ಬಂದದ್ದು ಆಮೇಲೆ. ನಡುಗಿದ್ದು ನಿನ್ನ ಕೈಯೇ," ಅಂದೆ. ದನಿ ನನ್ನದೇ ಅಂತ ನನಗೆ ಅನ್ನಿಸಲಿಲ್ಲ.

"ನನ್ನ ಕೈಯಾ? ಈ ಕೈಯಾ?" ಅಂತ ಅವನು ಇನ್ನೂ ಎರಡು ಸುತ್ತು ಸುತ್ತಿದ. ರೀಲು ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದ, ಬಿಗಿ. ಮುಖ ಗಂಟುಹಾಕಿ ಹೇಳಿದ, "ಥೂ, ನಿನ್ನ ಮಾತು ಕೇಳ್ತಾ ಮರದ ಬೇರಿಗೆ ಸಿಕ್ಕಿಸ್ಕೊಂಡೆ ನೋಡು."

"ಕೊಂಪಾದ್ರೆ," ಅಂದೆ ನಾನು ಮೆಲ್ಲಗೆ, "ಬೇರು ನಡೀತಾ ಇದೆ."

ಅವನು ತಿರುಗಿದ. ದಾರ ನೀರನ್ನು ಸೀಳಿಕೊಂಡು ಬಂಡೆಯ ಕಡೆಗೆ ಹೋಗುತ್ತಿತ್ತು. ಮೀನು ತಾನೇ ಕಚ್ಚಿ, ತಾನೇ ತಿರುಗಿ, ತಾನೇ ಸಿಕ್ಕಿಹಾಕಿಕೊಂಡಿತ್ತು, ವಿಲ್ಮಾ ಹೇಳಿದ ಹಾಗೇ. ಆಮೇಲೆ ಏನಾಯಿತು ಅಂತ ಕ್ರಮವಾಗಿ ಹೇಳಲು ನನ್ನಿಂದಾಗದು. ಅವನು ಎದ್ದ, ಕೂತ, ಮತ್ತೆ ಎದ್ದ. ಮೋಟಾರಿನ ಪೆಡಲ್ ತುಳಿದುಬಿಟ್ಟ, ದೋಣಿ ಗಿರ್ರನೆ ತಿರುಗಿತು. ನಾನು ಬಲೆ ಹುಡುಕಿದೆ, ಬಲೆಯ ಮೇಲೆ ನಾನೇ ನಿಂತಿದ್ದೆ. ಮೀನು ಒಮ್ಮೆ ಮೇಲೆ ಬಂದು ತಲೆ ಕೊಡವಿದಾಗ ಬೊಂಬೆಯ ಬಾಲ ಮಾತ್ರ ಬಾಯಿಯ ಹೊರಗೆ ಕಂಡಿತು. ಕೂಕೋ ಸಂತರ ಹೆಸರುಗಳನ್ನೆಲ್ಲ ಕರೆದ, ಕೆಲವರನ್ನು ಬೈದ ಕೂಡ.

ದೋಣಿಯ ಪಕ್ಕಕ್ಕೆ ಬಂದಾಗ ಅವನು ಬಲೆ ಬೇಡ ಅಂದ. ಮೊಣಕಾಲೂರಿ, ಬಲಗೈಯ ಹೆಬ್ಬೆರಳನ್ನು ಅದರ ಬಾಯೊಳಗೆ ಹಾಕಿ, ಕೆಳದುಟಿ ಹಿಡಿದು ಎತ್ತಿದ. ಬ್ಯಾಸ್ ಹಿಡಿಯುವುದೇ ಹಾಗೆ. ಅದರ ತುಟಿಯಲ್ಲಿ ಹಲ್ಲಿಲ್ಲ, ಉಪ್ಪುಕಾಗದದ ತರಿ. ನಮ್ಮ ದೋಣಿಗೆ ಅಂಥ ಮೀನು ಯಾವತ್ತೂ ಬಂದಿರಲಿಲ್ಲ. ಹೊಟ್ಟೆ ಒಳ್ಳೆ ಕುಂಬಳಕಾಯಿಯ ಹಾಗಿತ್ತು. ಕೊಕ್ಕೆ ಬಿಡಿಸು, ತೂಕ ಮಾಡೋಣ, ಫೋಟೋ ತೆಗೀತೀನಿ ಅಂತ ನಾನು ಕೂಗಿಕೊಳ್ಳುತ್ತಿದ್ದೆ. ಅವನು ಎಡಗೈಯಲ್ಲಿ ಕೊಕ್ಕೆ ಬಿಡಿಸಿ, ಹಾಗೇ ಕೂತುಬಿಟ್ಟ. ಮೀನು ತಲೆ ಕೊಡವಿದಾಗಲೆಲ್ಲ ಆ ತರಿ ಅವನ ಹೆಬ್ಬೆರಳನ್ನು ತಿಕ್ಕುತ್ತಿತ್ತು.

"ತೆಯೊ," ಅಂದ. ಕೊಂಪಾದ್ರೆ ಅನ್ನಲಿಲ್ಲ, ಚಿಕ್ಕಂದಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು. "ಗೊತ್ತಾಗ್ತಾ ಇದೆ ಕಣೋ."

ಅವನ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ನಾಚಿಕೆ ಏನು ಬಂತು. ನಾನು ಜೇಬಿನಲ್ಲಿ ಫೋನಿಗಾಗಿ ತಡಕಾಡಿದೆ. ಫೋನು ಕೈಗೆ ಬರುವಷ್ಟರಲ್ಲಿ ಪಳಕ್ ಅಂತ ಸದ್ದು. ತಲೆಯೆತ್ತಿದರೆ ಅವನ ಕೈ ಖಾಲಿ. ಬಿಟ್ಟುಬಿಟ್ಟಿದ್ದ! ಪಾಪ, ಉಸಿರು ಕಟ್ಟುತ್ತಿತ್ತು ಅಂದ. ತೂಕವಿಲ್ಲ, ಫೋಟೋ ಇಲ್ಲ, ಸಾಕ್ಷಿಯಿಲ್ಲ. ಆತುರಗೇಡಿ, ದರಿದ್ರ, ನಿನ್ನ ಚರ್ಮ ಸುಲಿಯ ಅಂತ ನಾನು ಬೈದದ್ದು ಅಣೆಕಟ್ಟಿಗೆ ಬಡಿದು ವಾಪಸ್ ಬಂತು. ಅವನು ದೋಣಿಯಲ್ಲಿ ಅಂಗಾತ ಬಿದ್ದುಕೊಂಡು ನಗುತ್ತಿದ್ದ.

ವಿಲ್ಮಾ ನಮ್ಮ ಮಾತು ನಂಬಲಿಲ್ಲ. ಫೋಟೋ ಇಲ್ಲದ ಮೀನು ನಮ್ಮಜ್ಜಿಯೂ ಹಿಡಿದಿದ್ದಾಳೆ ಅಂದಳು. ಕೂಕೋ ಹೆಬ್ಬೆರಳು ಚಾಚಿದ. ಗೆಣ್ಣಿನವರೆಗೆ ಚರ್ಮ ಕಿತ್ತು ಕೆಂಪಗೆ ತರಿತರಿಯಾಗಿತ್ತು. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ಹತ್ತು ಪೌಂಡಿಗೆ ಕಡಿಮೆಯಿಲ್ಲ ಅಂತ ತೀರ್ಪು ಕೊಟ್ಟು ಕಾಫಿ ಬಗ್ಗಿಸಿದಳು.

ಭಾನುವಾರ ಚರ್ಚು ಮುಗಿಸಿ ಬರುವಷ್ಟರಲ್ಲಿ ಬೇಕರ್ಸ್‌ಫೀಲ್ಡಿನ ಮನುಷ್ಯ ಅಂಗಳದಲ್ಲಿ ನಿಂತಿದ್ದ. ಕೂಕೋ ಅವನಿಗೂ ಹೆಬ್ಬೆರಳು ತೋರಿಸಿ, ದೋಣಿ ಮಾರುವುದಿಲ್ಲ ಅಂದ. ಅವನೂ ಬ್ಯಾಸ್ ಹಿಡಿಯುವವನೇ, ಜಗಳ ಮಾಡಲಿಲ್ಲ, ಯಾವ ಬೊಂಬೆ ಅಂತ ಮಾತ್ರ ಕೇಳಿದ. ಕೊಮಾದ್ರೆ ಅವನನ್ನು ಊಟಕ್ಕೆ ಕೂರಿಸಿದರು. ಊಟದುದ್ದಕ್ಕೂ ಕೂಕೋ ಆ ಮೀನಿನ ಕಥೆ ಹೇಳಿದ. ಅವನ ಕಥೆಯಲ್ಲಿ ಅವನು ಮೊದಲಿಂದಲೂ ಬೇಕಂತಲೇ ಬೆನ್ನು ತಿರುಗಿಸಿ ಕೂತಿದ್ದ. ಕೊಮಾದ್ರೆ ನನ್ನ ತಟ್ಟೆಗೆ ಇನ್ನೊಂದು ತೊರ್ತಿಯಾ ಹಾಕಿ, ಏನೂ ಹೇಳಬೇಡಿ ಅಂತ ಕಣ್ಣಲ್ಲೇ ಹೇಳಿದರು.

ಆ ಮನುಷ್ಯ ಹೋದ ಮೇಲೆ ಕೂಕೋ 'ದೋಣಿ ಮಾರಾಟಕ್ಕಿದೆ' ಹಲಗೆಯನ್ನು ಎತ್ತಿ, ದೋಣಿಗಾಡಿ ಉರುಳದ ಹಾಗೆ ಚಕ್ರದ ಕೆಳಗೆ ಒತ್ತಿದ. ನಾವಿಬ್ಬರೂ ದೋಣಿಗೆ ಒರಗಿ ನಿಂತೆವು. ಅವನು ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡ. ಇದ್ದಕ್ಕಿದ್ದಂತೆ ಕೈ ಚಾಚಿ ನನ್ನ ಎಡಗಿವಿ ಹಿಡಿದ. ಆ ಕಿತ್ತುಹೋದ ಹೆಬ್ಬೆರಳನ್ನು ಕಚ್ಚಿನ ಮೇಲೆ ಮೆಲ್ಲಗೆ ಆಡಿಸಿದ, ಒಮ್ಮೆ, ಇನ್ನೊಮ್ಮೆ.

"ಉಹೂಂ, ಇದು ಗೊತ್ತಾಗ್ತಿಲ್ಲ," ಅಂದ. ಕಿವಿ ಬಿಡಲಿಲ್ಲ. "ಆದ್ರೆ ಅವತ್ತು ನಡುಗಿದ್ದು ನನ್ನ ಕೈಯೇ ಕಣೋ."